ಬಾಳೆಬುಡವಿಲ್ಲದ ಊರಲ್ಲಿ ಬಚ್ಚಲ ನೀರು

ಮೊದಲು ಬರುವುದು ವಾಸನೆ. ಕೊಳೆತ ಮೊಟ್ಟೆಯ ಗಬ್ಬು, ಅದರ ಅಡಿಯಲ್ಲಿ ಹಳಸಿದ ಸಾಂಬಾರು, ಅದಕ್ಕೂ ಅಡಿಯಲ್ಲಿ ಎಲ್ಲೋ ಶಾಂಪೂವಿನ ಘಮ. ನೀವು ಒಲೆಯ ಪಕ್ಕ ನಿಂತು ಮೂಗರಳಿಸಿ ಹುಡುಕುತ್ತೀರಿ. ಕಕ್ಕಸಿನ ಪುಟ್ಟ ಬಾಗಿಲು ತೆರೆದು ಮೂಸುತ್ತೀರಿ. ಅಲ್ಲಿ ನೀಲಿ ದ್ರಾವಣದ ಸಿಹಿವಾಸನೆ ಬಿಟ್ಟರೆ ಬೇರೇನಿಲ್ಲ. ಗಬ್ಬು ಬರುತ್ತಿರುವುದು ಸಿಂಕಿನ ತೂತಿನಿಂದ.

"ಎಂತ ಮಗಾ ಇದು, ನೀರು ಇಳಿಯುದೇ ಇಲ್ಲ!" ಅಮ್ಮ ಸೌಟು ಹಿಡಿದುಕೊಂಡೇ ಹಿಂದೆ ಸರಿಯುತ್ತಾರೆ. ಸಿಂಕಿನಲ್ಲಿ ಬೂದುಬಣ್ಣದ ನೀರು ಅಲುಗಾಡದೆ ನಿಂತಿದೆ. ಅಷ್ಟರಲ್ಲಿ ಮಗಳು ಸ್ನಾನದ ಮೂಲೆಯಿಂದ ಕೂಗುತ್ತಾಳೆ. ಅಲ್ಲಿ ಶವರಿನ ಕೆಳಗಿನ ಬಿಳಿ ತಟ್ಟೆಯಲ್ಲಿ ಕಂದು ನೀರು ಮೇಲೇರುತ್ತಿದೆ. ಅದರ ಮೇಲೆ ಒಂದು ಕರಿಬೇವಿನ ಎಲೆ ತಿರುಗುತ್ತ ತೇಲುತ್ತಿದೆ. ಬೆಳಗಿನ ಒಗ್ಗರಣೆಯದು.

ನೀವು ಇರುವುದು ಸ್ಕಾಟ್ಲೆಂಡಿನ ಉತ್ತರದ ಅಂಚಿನಲ್ಲಿ, ಡರ್ನೆಸ್ ಎಂಬ ಚಿಕ್ಕ ಊರಿನ ಸಮೀಪದ ಕ್ಯಾಂಪ್‌ಸೈಟಿನಲ್ಲಿ, ಒಲೆ, ಕಕ್ಕಸು, ಹಾಸಿಗೆ ಎಲ್ಲ ಒಳಗೇ ಇರುವ ಬಾಡಿಗೆ ಗಾಡಿಯಲ್ಲಿ, ಮೋಟರ್‌ಹೋಮ್ ಎನ್ನುತ್ತಾರಲ್ಲ, ಅದರಲ್ಲಿ. ಹುಲ್ಲುಗಾವಲು ಮುಗಿದಲ್ಲಿ ಬಂಡೆ, ಬಂಡೆ ಮುಗಿದಲ್ಲಿ ಅಟ್ಲಾಂಟಿಕ್. ಹತ್ತಿರದ ದೊಡ್ಡ ಪೇಟೆ ಇನ್ವರ್ನೆಸ್ ಸುಮಾರು ನೂರು ಮೈಲಿ ಆಚೆ, ಆ ದಾರಿಯಲ್ಲೂ ಸಾಕಷ್ಟು ದೂರ ಒಂದೇ ಗಾಡಿ ಹಿಡಿಸುವಷ್ಟು ಅಗಲ. ಜೂನ್ ತಿಂಗಳು. ಗಂಟೆ ರಾತ್ರಿ ಹತ್ತಾದರೂ ಆಕಾಶದಲ್ಲಿ ಹಳದಿ ಬೆಳಕು ಆರಿಲ್ಲ. ಹೊರಗೆ ಹತ್ತು ಡಿಗ್ರಿ ಚಳಿ. ಪುತ್ತೂರಿನಿಂದ ಬಂದ ಅಮ್ಮ ಎರಡು ಸ್ವೆಟರಿನ ಮೇಲೆ ಶಾಲು ಹೊದ್ದು, ಮೊಣಕಾಲಿಗೆ ಬಿಸಿನೀರಿನ ರಬ್ಬರ್ ಚೀಲ ಒತ್ತಿಕೊಂಡು ಕೂರುವ ಹೊತ್ತು ಇದು.

ಬಾಗಿಲ ಮೇಲಿನ ಫಲಕದ ಗುಂಡಿ ಒತ್ತುತ್ತೀರಿ. ಮುಸುರೆ ಟ್ಯಾಂಕು ಅರ್ಧ ತುಂಬಿದೆ ಎನ್ನುತ್ತದೆ ಹಸಿರು ದೀಪ. ಸುಳ್ಳು. ಟ್ಯಾಂಕಿನೊಳಗೆ ಲೋಹದ ಕಡ್ಡಿಗಳಿವೆ. ನೀರು ತಾಗಿದರೆ ಅವುಗಳ ನಡುವೆ ವಿದ್ಯುತ್ತು ಹರಿಯಬೇಕು, ಆಗ ದೀಪ ಹತ್ತಬೇಕು. ಕಡ್ಡಿಗೆ ಜಿಡ್ಡು ಮೆತ್ತಿದರೆ ನೀರು ಅದರ ಕುತ್ತಿಗೆ ತನಕ ಬಂದರೂ ದೀಪಕ್ಕೆ ಸುದ್ದಿ ಮುಟ್ಟುವುದಿಲ್ಲ. ಈಗ ನಿಮ್ಮ ಕಾಲ ಕೆಳಗೆ, ನೆಲದ ಹಲಗೆಯ ಅಡಿಯಲ್ಲಿ, ತೊಂಬತ್ತು ಲೀಟರ್ ಕೊಳೆ ನೀರಿದೆ. ಪಾತ್ರೆ ತೊಳೆದದ್ದು, ಅಕ್ಕಿ ತೊಳೆದದ್ದು, ಹಲ್ಲುಜ್ಜಿದ್ದು, ಮೂವರು ಮಿಂದದ್ದು ಎಲ್ಲ ಅದರಲ್ಲಿದೆ. ಗಾಳಿಯಿಲ್ಲದ ಆ ಕತ್ತಲಲ್ಲಿ ಸೂಕ್ಷ್ಮಜೀವಿಗಳು ಅನ್ನದ ಅಗುಳು, ಬೇಳೆಯ ಚೂರು ತಿಂದು ಹೈಡ್ರೋಜನ್ ಸಲ್ಫೈಡ್ ಉಗುಳುತ್ತಿವೆ. ಕಕ್ಕಸಿನ ಡಬ್ಬಿಗೆ ದ್ರಾವಣ ಹಾಕುತ್ತೇವೆ, ಅದನ್ನು ಹೆದರಿ ಹೆದರಿ ನೋಡಿಕೊಳ್ಳುತ್ತೇವೆ. ಮುಸುರೆಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದಲೇ ಎರಡರಲ್ಲಿ ಹೆಚ್ಚು ನಾರುವುದು ಇದು.

ಏನು ಮಾಡುವುದು? ಗಾಡಿಯನ್ನೇ ಚರಂಡಿಯ ತನಕ ಓಡಿಸಿಕೊಂಡು ಹೋಗಬಹುದು. ಅದಕ್ಕೆ ಮುಂಚೆ ವಿದ್ಯುತ್ತಿನ ಕೇಬಲ್ ಕಳಚಬೇಕು, ಗಾಡಿ ಸಮತಟ್ಟಾಗಲೆಂದು ಮುಂದಿನ ಗಾಲಿಗಳಿಗೆ ಕೊಟ್ಟ ಪ್ಲಾಸ್ಟಿಕ್ ಇಳಿಜಾರು ದಿಮ್ಮಿಗಳಿಂದ ಇಳಿಸಬೇಕು, ಅಮ್ಮನಿಗೆ ಹಾಸಿದ ಹಾಸಿಗೆ ಮಡಚಬೇಕು. ಅಷ್ಟೆಲ್ಲ ಮಾಡಿ ಹೊರಟರೂ ಮೊದಲ ತಿರುವಿನಲ್ಲೇ ತೊಂಬತ್ತು ಕಿಲೋ ನೀರು ಒಂದು ಕಡೆಗೆ ವಾಲುತ್ತದೆ. ತಟ್ಟೆಯ ಅಂಚಿಗೆ ಬಂದು ನಿಂತದ್ದು ಕೋಣೆಯೊಳಕ್ಕೆ ಚೆಲ್ಲುತ್ತದೆ. ಬೇಡ.

ಬೆಳಗಿನ ತನಕ ಹಾಗೇ ಬಿಡಬಹುದು. ಆದರೆ ಆ ವಾಸನೆಯಲ್ಲಿ ಮೂವರು ಮಲಗಬೇಕು, ರಾತ್ರಿ ಯಾರಾದರೂ ನಿದ್ದೆಗಣ್ಣಲ್ಲಿ ನಲ್ಲಿ ತಿರುಗಿಸಿದರೆ ಮುಗಿಯಿತು.

ಅಮ್ಮನ ಬಳಿ ಇನ್ನೊಂದು ದಾರಿಯಿದೆ. "ಹುಲ್ಲಿಗೆ ಬಿಟ್ಟರಾಯ್ತಪ್ಪ. ನಮ್ಮಲ್ಲಿ ಬಚ್ಚಲ ನೀರು ಬಾಳೆಬುಡಕ್ಕೇ ಹೋಗುದಲ್ವಾ? ಆ ಬಾಳೆಯಷ್ಟು ದೊಡ್ಡ ಗೊನೆ ಬೇರೆ ಯಾವುದಕ್ಕೂ ಬರುದಿಲ್ಲ."

ಮಾತು ಸುಳ್ಳಲ್ಲ. ನೀವೂ ಆ ಬಾಳೆಯ ಹಣ್ಣು ತಿಂದೇ ಬೆಳೆದವರು. ಕಿಟಕಿಯಾಚೆ ನೋಡುತ್ತೀರಿ. ಯಾರೂ ಇಲ್ಲ. ಕೆಳಗಿನ ನಲ್ಲಿ ಒಂದು ಸುತ್ತು ತಿರುಗಿಸಿದರೆ ಸಾಕು, ಹುಲ್ಲು ಕುಡಿದುಬಿಡುತ್ತದೆ, ಮಳೆ ಬಂದರೆ ಗುರುತೂ ಉಳಿಯುವುದಿಲ್ಲ. ಕೈ ಬಾಗಿಲ ಹಿಡಿಯ ಮೇಲಿದೆ. ಈ ಕ್ಷಣದಲ್ಲಿ ನಿಮ್ಮನ್ನು ತಡೆಯುವುದು ಕಾನೂನೂ ಅಲ್ಲ, ಕ್ಯಾಂಪ್‌ಸೈಟಿನ ನಿಯಮಗಳ ಹಾಳೆಯೂ ಅಲ್ಲ. ಮಧ್ಯಾಹ್ನ ನೋಡಿ ಬಂದ ಸ್ಮೂ ಗುಹೆ. ಅಲ್ಲಿ ಒಂದು ಹೊಳೆ ನೆಲದ ಮೇಲೆ ಸುಮ್ಮನೆ ಹರಿಯುತ್ತ ಬಂದು, ಒಂದು ತೂತಿನಲ್ಲಿ ಮಾಯವಾಗಿ, ಗುಹೆಯ ಒಳಗೆ ಜಲಪಾತವಾಗಿ ಬೀಳುತ್ತದೆ. ಮಗಳು ಕಿವಿ ಮುಚ್ಚಿಕೊಂಡು ನಿಂತು ನೋಡಿದ್ದಳು. ಈ ಭಾಗದ ನೆಲ ಸುಮಾರು 50 ಕೋಟಿ ವರ್ಷ ಹಳೆಯ ಸುಣ್ಣಕಲ್ಲು. ಮಳೆನೀರು ಅದನ್ನು ಕರಗಿಸಿ ಬಿರುಕು, ಕೊಳವೆ, ಗುಹೆ ಮಾಡಿಟ್ಟಿದೆ. ಪುತ್ತೂರಿನ ಹಿತ್ತಿಲ ಮಣ್ಣು ನೀರನ್ನು ತಡೆದು, ಸೋಸಿ, ಬೇರಿಗೆ ಉಣಿಸುತ್ತದೆ. ಇಲ್ಲಿ ತೆಳ್ಳಗಿನ ಮಣ್ಣಿನ ಅಡಿಯಲ್ಲೇ ಬಿರುಕು, ಬಿರುಕಿನ ಆಚೆ ತುದಿಯಲ್ಲಿ ತೊರೆ, ಕಡಲು. ಅಲ್ಲಿ ಒಂದು ಮನೆಯ ಬಚ್ಚಲಿಗೆ ಒಂದು ಬಾಳೆ. ಇಲ್ಲಿ ಸಾಲಾಗಿ ನಿಂತ ಇಷ್ಟೊಂದು ಗಾಡಿಗಳಿಗೆ ಒಂದು ಗಿಡವೂ ಇಲ್ಲ.

"ಇಲ್ಲಿ ಬಾಳೆ ಇಲ್ಲ ಅಮ್ಮಾ" ಎಂದಷ್ಟೇ ಹೇಳಿ ರಬ್ಬರ್ ಗವುಸು ಹುಡುಕುತ್ತೀರಿ.

ಹೊತ್ತು ಹಾಕುವುದು ಎಂದು ನಿರ್ಧಾರವಾಯಿತು. ಗಾಡಿ ಅಲ್ಲೇ ನಿಂತಿರುತ್ತದೆ, ನೀರು ಕಂತುಗಳಲ್ಲಿ ಹೋಗುತ್ತದೆ. ಹಿಂದಿನ ಡಿಕ್ಕಿಯಲ್ಲಿ ಅದಕ್ಕೆಂದೇ ಇಟ್ಟ ಚಪ್ಪಟೆ ಡಬ್ಬಿಯೊಂದಿದೆ. ಎರಡು ಗಾಲಿ, ಒಂದು ಎಳೆಯುವ ಹಿಡಿ, ಮೇಲ್ಮುಖವಾದ ಬಾಯಿ. ಇಪ್ಪತ್ತೈದು ಲೀಟರ್ ಹಿಡಿಸುತ್ತದೆ. ನೀವು ಅದನ್ನು ಗಾಡಿಯ ಹೊಟ್ಟೆಯಡಿಗೆ ದೂಡಿ, ಒದ್ದೆ ಹುಲ್ಲಿನ ಮೇಲೆ ಬೆನ್ನು ಹಾಕುತ್ತೀರಿ. ಚಳಿ ಮೊದಲು ಹೆಗಲಿಗೆ, ಆಮೇಲೆ ಸೊಂಟಕ್ಕೆ, ಅಂಗಿಯ ಒಳಗಿನ ತನಕ ಇಳಿಯುತ್ತದೆ. ಮುಖದಿಂದ ಗೇಣುದ್ದ ಮೇಲೆ ಮೂರೂವರೆ ಟನ್ನಿನ ಗಾಡಿ. ಕೈಬ್ರೇಕ್ ಹಾಕಿದ್ದೀರಿ, ಗೇರಿನಲ್ಲಿ ಬಿಟ್ಟಿದ್ದೀರಿ, ಗಾಲಿಗೆ ಅಡ್ಡಗಟ್ಟೆ ಕೊಟ್ಟಿದ್ದೀರಿ. ಆದರೂ ಒಳಗೆ ಅಮ್ಮ ಎರಡು ಹೆಜ್ಜೆ ನಡೆದಾಗ ಸ್ಪ್ರಿಂಗುಗಳು ಕಿರ್ರೆಂದರೆ ಎದೆ ಬಿಗಿಯುತ್ತದೆ.

"ಅಜ್ಜಿ, ಅಲ್ಲಾಡಬೇಡ!" ಟಾರ್ಚು ಹಿಡಿದು ಕುಕ್ಕರಗಾಲಲ್ಲಿ ಕುಳಿತ ಮಗಳು ನಿಮ್ಮ ಪರವಾಗಿ ಕೂಗುತ್ತಾಳೆ.

ಹಿಂದಿನ ಎಡಗಾಲಿಯ ಹಿಂದೆ ಕಪ್ಪು ಕೊಳವೆ, ಅದಕ್ಕೊಂದು ಸನ್ನೆ. ಹೋಸ್ ಸಿಕ್ಕಿಸಿ, ಅದರ ತುದಿ ಡಬ್ಬಿಯ ಬಾಯಿಗಿಟ್ಟು, ಉಸಿರು ಬಿಗಿಹಿಡಿದು ಸನ್ನೆ ಎಳೆಯುತ್ತೀರಿ. ಎಳೆದದ್ದೇ ಬಂತು. ನೀರಿಲ್ಲ. ಒಂದು ತೊಟ್ಟು ತೂಗಾಡುತ್ತದೆ, ಬೀಳುತ್ತದೆ, ಮತ್ತೇನೂ ಇಲ್ಲ. ಪೂರ್ತಿ ತೆರೆದ ನಲ್ಲಿ, ಪೂರ್ತಿ ತುಂಬಿದ ಟ್ಯಾಂಕು, ನಡುವೆ ಏನೋ ಕುಳಿತಿದೆ. ಬೆರಳು ಹಾಕಿ ನೋಡುತ್ತೀರಿ. ಮೆತ್ತಗೆ, ತಣ್ಣಗೆ, ಮೇಣದ ಹಾಗೆ. ಬೆರಳ ತುದಿಗೆ ಅಂಟಿ ಬಂದ ಬಿಳಿ ಗಟ್ಟಿಯಲ್ಲಿ ಎರಡು ಸಾಸಿವೆ ಕಾಳು, ಒಂದು ಅನ್ನದ ಅಗುಳು.

ಮಗಳು ಅದನ್ನು ಟಾರ್ಚಿನಲ್ಲಿ ನೋಡಿ ವರದಿ ಒಪ್ಪಿಸುತ್ತಾಳೆ. ಮೇಲಿನಿಂದ ಅಮ್ಮನ ತೀರ್ಪು ತಕ್ಷಣ ಬರುತ್ತದೆ: "ತೆಂಗಿನೆಣ್ಣೆ ಅದು. ಗಟ್ಟಿಯಾಗಿದೆ. ಡಿಸೆಂಬರಿನಲ್ಲಿ ಬಾಟ್ಲಿ ಬಿಸಿಲಿಗೆ ಇಡುದಿಲ್ವಾ ನಾವು?"

ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಗಡ್ಡೆ ಕಟ್ಟುತ್ತದೆ. ಕರಾವಳಿಯ ಅಡುಗೆಮನೆಗೆ ಅದು ವರ್ಷದಲ್ಲಿ ಕೆಲವು ಬೆಳಗಿನ ಸುದ್ದಿ. ಇಲ್ಲಿ ದಿನವಿಡೀ ಅದೇ ಹವೆ. ಬಾಣಲೆ ತೊಳೆದ ಬಿಸಿನೀರಿನೊಂದಿಗೆ ಕರಗಿ ಇಳಿದ ಎಣ್ಣೆ, ಗಾಡಿಯ ಹೊಟ್ಟೆಯಲ್ಲಿ ಗಾಳಿಗೆ ತೆರೆದ ಕೊಳವೆಗೆ ಬಂದು ಗೋಡೆಗೆ ಹತ್ತಿತು. ಅದಕ್ಕೆ ಅನ್ನ ಅಂಟಿತು, ಅದಕ್ಕೆ ಎಲೆ ಅಂಟಿತು. ಈಗ ಅದೊಂದು ಬಿರಡೆ. ತಂತಿ ಹಾಕಿ ಚುಚ್ಚಬಹುದು. ಆದರೆ ನಲ್ಲಿಯ ಒಳಗಿನ ರಬ್ಬರ್ ಹರಿದರೆ ಮುಂದೆ ಅದು ಮುಚ್ಚುವುದೇ ಇಲ್ಲ, ಇಲ್ಲಿಂದ ಇನ್ವರ್ನೆಸ್ ತನಕ ರಸ್ತೆಯುದ್ದ ಹನಿಯುತ್ತ ಹೋಗಬೇಕಾಗುತ್ತದೆ. ಮೇಲಿನಿಂದ ಬಿಸಿನೀರು ಹೊಯ್ಯೋಣವೆಂದರೆ ಟ್ಯಾಂಕಿನಲ್ಲಿ ಒಂದು ಲೋಟಕ್ಕೂ ಜಾಗವಿಲ್ಲ. ಕುದಿನೀರು ಕೊಳವೆಯ ಮೇಲೆ ಸುರಿಯುವ ಹಾಗೂ ಇಲ್ಲ, ಎಲ್ಲ ಪ್ಲಾಸ್ಟಿಕ್ಕು, ಕೀಲುಗಳು ಸಡಿಲಾಗುತ್ತವೆ.

ಅಮ್ಮನ ಕೈ ಬಾಗಿಲಿನಿಂದ ಕೆಳಗೆ ಬರುತ್ತದೆ. ಆ ಕೈಯಲ್ಲಿ ಬಿಸಿನೀರಿನ ರಬ್ಬರ್ ಚೀಲ. "ತಗೊ. ನನ್ನ ಕಾಲಿಗೆ ಆಮೇಲೆ."

ಚೀಲವನ್ನು ಕೊಳವೆಗೆ ಸುತ್ತಿ ಎರಡೂ ಕೈಯಲ್ಲಿ ಅವುಚಿ ಹಿಡಿಯುತ್ತೀರಿ. ಕಾಯುತ್ತೀರಿ. ಕಡಲಿನ ಮೊರೆತ ಕೇಳುತ್ತಿದೆ. ಎಲ್ಲೋ ಕುರಿಯೊಂದು ಕೆಮ್ಮುತ್ತದೆ. ಸಂಜೆಯಿಂದ ಗಾಡಿಯನ್ನು ತೊನೆದಾಡಿಸುತ್ತಿದ್ದ ಗಾಳಿ ಈಗ ಕೇಳಿಸುತ್ತಿಲ್ಲ. ಅದು ನಿಂತದ್ದು ನಿಮಗೆ ಗೊತ್ತಾಗುವುದು ಪಕ್ಕದ ಗಾಡಿಯ ಬಿಳಿಗೂದಲಿನ ಯಜಮಾನರು ನಾಯಿಯೊಂದಿಗೆ ಬಂದು ಬಗ್ಗಿ ನೋಡಿದಾಗ. ಯಾರ್ಕ್‌ಷೈರಿನವರಂತೆ. ಅವರ ಟೊಪ್ಪಿಯಿಂದ ಕತ್ತಿನ ತನಕ ಸಣ್ಣ ಬಲೆ ಇಳಿಬಿಟ್ಟಿದೆ.

"ಗಾಳಿ ನಿಂತಿತು" ಎನ್ನುತ್ತಾರೆ ಆತ. "ಬೇಗ ಮುಗಿಸಿಕೊಳ್ಳಿ. ಮಗುವನ್ನು ಒಳಗೆ ಕಳಿಸಿ."

ಅಷ್ಟರಲ್ಲಿ ಮೊದಲನೆಯದು ನಿಮ್ಮ ಹುಬ್ಬಿನ ಮೇಲೆ ಕೂರುತ್ತದೆ.

ಮಿಜ್ ಎನ್ನುತ್ತಾರೆ ಇವನ್ನು. ನಮ್ಮ ನುಸಿಗಿಂತ ಚಿಕ್ಕದು. ಗಾಳಿ ಬೀಸುತ್ತಿದ್ದರೆ ಹಾರಲಾರವು, ಹುಲ್ಲಿನಲ್ಲಿ ಅಡಗಿರುತ್ತವೆ. ಗಾಳಿ ಸತ್ತ ಕೂಡಲೇ ಎದ್ದು ಬರುತ್ತವೆ. ಕಚ್ಚುವುದು ಹೆಣ್ಣು ಮಾತ್ರ, ಅದಕ್ಕೆ ಮೊಟ್ಟೆಗೆ ರಕ್ತ ಬೇಕು. ನಿಮ್ಮ ಉಸಿರಿನ ಜಾಡು ಹಿಡಿದು ಬರುತ್ತದೆ. ಗಾಡಿಯ ಅಡಿಯಲ್ಲಿ ಮಲಗಿ ಏದುಸಿರು ಬಿಡುತ್ತಿರುವ ನಿಮ್ಮನ್ನು ಹುಡುಕಲು ಅದಕ್ಕೆ ಕಷ್ಟವೇನಿಲ್ಲ. ಮಗಳು ಟಾರ್ಚನ್ನು ಹುಲ್ಲಿನ ಮೇಲಿಟ್ಟು ಓಡುತ್ತಾಳೆ. ಬಾಗಿಲು ಧಡ್ಡೆನ್ನುತ್ತದೆ. ಆ ಟಾರ್ಚಿನ ಬೆಳಕಿನಲ್ಲಿ ಹೊಗೆಯಂತೆ ಏನೋ ತೇಲುತ್ತಿದೆ. ಹೊಗೆಯಲ್ಲ.

ಕಿವಿಯ ಹಾಲೆ. ಕೂದಲಿನ ಬುಡ. ರೆಪ್ಪೆ. ನೋವೆಂದರೆ ನೋವಲ್ಲ, ಸುಡುವ ತುರಿಕೆ, ಒಂದೇ ಕಾಲಕ್ಕೆ ಮುಖದ ತುಂಬ. ಎರಡು ಕೈಗಳೂ ಕೊಳವೆಯ ಮೇಲಿವೆ. ಬಿಟ್ಟರೆ ಕರಗುತ್ತಿರುವುದು ಮತ್ತೆ ಹೆಪ್ಪುಗಟ್ಟುತ್ತದೆ. ಹಿಡಿದಿದ್ದರೆ ಇವು ಕಣ್ಣಿನೊಳಗೇ ಇಳಿಯುತ್ತವೆ. ಬಾಯಿ ತೆರೆದು ಊದುತ್ತೀರಿ, ನಾಲಿಗೆಯ ಮೇಲೆ ಎರಡು ಬಂದು ಕೂರುತ್ತವೆ. ಉಗುಳುತ್ತೀರಿ. ಮುಖವನ್ನು ಹೆಗಲಿಗೆ ಉಜ್ಜುತ್ತೀರಿ. ಇನ್ನೊಂದು ನಿಮಿಷ. ಇನ್ನರ್ಧ.

ಕೊಳವೆಯೊಳಗೆ ಏನೋ ಜಾರಿದ್ದು ಅಂಗೈಗೆ ಗೊತ್ತಾಗುತ್ತದೆ.

ಗುಳುಂ. ಬಿರಡೆ ಹೊರಬಿತ್ತು. ಅದರ ಬೆನ್ನಿಗೇ ತೊಂಬತ್ತು ಲೀಟರಿನ ಒತ್ತಡ. ಹೋಸ್ ಹಾವಾಡಿ ಡಬ್ಬಿಯ ಬಾಯಿಂದ ಹಾರುತ್ತದೆ, ಮಣಿಕಟ್ಟಿನ ಮೇಲೆ ಬೆಚ್ಚಗೆ, ಲೋಳೆಲೋಳೆಯಾಗಿ, ಗವುಸಿನ ಒಳಕ್ಕೆ. ಗಬ್ಬು ಗಂಟಲಿಗೆ ಹೊಡೆಯುತ್ತದೆ. ಹಿಡಿಯಿರಿ ಹೋಸ್! ಹಿಡಿದಿರಿ. ಬಾಯಿಗೆ ತುರುಕಿದಿರಿ. ಮೊಣಕೈಯಿಂದ ಒತ್ತಿದಿರಿ. ಈಗ ನೀರು ಡಬ್ಬಿಯೊಳಗೆ ಬೀಳುತ್ತಿದೆ, ಖಾಲಿ ಡೋಲಿನ ಸದ್ದು. ನಿಮಗೆ ಒಳಗೆ ಕಾಣುವುದಿಲ್ಲ. ಕಣ್ಣು ಹೇಗೂ ಮುಚ್ಚಿದೆ. ಕಿವಿಯೊಂದೇ ಗತಿ. ಡೋಲು ಸಣ್ಣದಾಗುತ್ತದೆ. ಸದ್ದು ಮೇಲೇರುತ್ತದೆ. ಕೊಡ ತುಂಬುವಾಗ ಬಾವಿಕಟ್ಟೆಯಲ್ಲಿ ಕೇಳಿದ ಆ ಸ್ವರವೇ, ಕಂಠದ ತನಕ ಬಂದಾಗ ಬಿಗಿಯಾಗುತ್ತದಲ್ಲ, ಅದು. ಈಗ! ಸನ್ನೆ ಒಳಕ್ಕೆ ತಳ್ಳಿದಿರಿ. ಅರ್ಧಕ್ಕೆ ನಿಂತಿತು. ಇನ್ನೂ ಬಲವಾಗಿ ತಳ್ಳಿದಿರಿ. ಮುಚ್ಚಿತು.

ಹೊರಗೆ ಉರುಳಿ ಎದ್ದು ನಿಂತು ಎರಡೂ ತೋಳಿನಿಂದ ಮುಖ ಉಜ್ಜಿಕೊಳ್ಳುತ್ತೀರಿ. ಆ ಯಜಮಾನರು ಮಾತಿಲ್ಲದೆ ತಮ್ಮ ಬಲೆಯ ಟೊಪ್ಪಿಯನ್ನು ನಿಮ್ಮ ತಲೆಗೆ ಹಾಕಿ ತಮ್ಮ ಗಾಡಿಯೊಳಗೆ ಹೋಗುತ್ತಾರೆ.

ಇನ್ನು ಎಳೆಯುವುದು. ಇಪ್ಪತ್ತೈದು ಕಿಲೋ ನೀರು ಒಳಗೆ ಮುಂದಕ್ಕೂ ಹಿಂದಕ್ಕೂ ಹೊಯ್ದಾಡುವುದರಿಂದ ಡಬ್ಬಿ ನಿಮ್ಮ ನಡಿಗೆಗೆ ಒಂದು ಹೆಜ್ಜೆ ತಡವಾಗಿ ಬರುತ್ತದೆ. ಜಲ್ಲಿದಾರಿಯ ಮೇಲೆ ಗಾಲಿಗಳ ಗಡಗಡ ಸದ್ದು. ಗಾಡಿಗಳ ಕಿಟಕಿಗಳಲ್ಲಿ ದೀಪ, ಟೀ ಲೋಟ, ಇಸ್ಪೀಟು. ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದಾರೆ ಎನ್ನಿಸಿ ತಲೆ ತಗ್ಗುತ್ತದೆ. ಯಾರೂ ನೋಡುತ್ತಿಲ್ಲ. ಎದುರಿನಿಂದ ಬಂದ ಹೆಂಗಸು ಅಂಥದೇ ಡಬ್ಬಿ ಎಳೆಯುತ್ತ "ಒಳ್ಳೆಯ ರಾತ್ರಿ, ಅಲ್ಲವೇ?" ಎಂದು ದಾಟಿ ಹೋಗುತ್ತಾಳೆ. ಈ ನಾಚಿಕೆಯನ್ನು ನೀವು ಊರಿನಿಂದಲೇ ತಂದದ್ದು. ನಮ್ಮಲ್ಲಿ ಕೊಳೆಯನ್ನು ಎತ್ತುವ ಕೈ ಯಾವಾಗಲೂ ಬೇರೆ ಯಾರದೋ ಆಗಿತ್ತು, ಅವರನ್ನು ಹಿತ್ತಿಲ ಬಾಗಿಲಿನಿಂದ ಬರಹೇಳುತ್ತಿದ್ದೆವು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಮಲ ಹೊರುವವರ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ಆಯುಷ್ಯವಿಡೀ ಹೋರಾಡಬೇಕಾಯಿತು. 2013ರಲ್ಲಿ ಮತ್ತೊಮ್ಮೆ ಕಾನೂನು ಮಾಡಬೇಕಾಯಿತು. ಆಮೇಲೂ ಮ್ಯಾನ್‌ಹೋಲಿಗೆ ಇಳಿದು ಜನ ಸಾಯುತ್ತಲೇ ಇದ್ದಾರೆ. ಸ್ವಂತ ಮುಸುರೆಯನ್ನು ಸ್ವಂತ ಗಾಲಿಯ ಮೇಲೆ ಎಳೆಯುವುದಕ್ಕೆ ತಲೆ ತಗ್ಗಿಸುವುದು ಏಕೆ? ತಲೆ ಎತ್ತಲು ಹೋಗುತ್ತೀರಿ, ಬಲೆಯೊಳಗೆ ಸಿಕ್ಕಿಕೊಂಡಿದ್ದ ಒಂದು ಮಿಜ್ ಮೂಗಿನ ತುದಿಗೆ ಕಚ್ಚುತ್ತದೆ.

ಶೌಚಾಲಯದ ಕಟ್ಟಡದ ಹಿಂದೆ ದೀಪದ ಕೆಳಗೆ ಮೂರು ವ್ಯವಸ್ಥೆಗಳು ಹತ್ತಿರ ಹತ್ತಿರ ಇವೆ. ಇಲ್ಲಿ ನಿಂತು ಓದಬೇಕು, ಎಷ್ಟೇ ಅವಸರವಿದ್ದರೂ. ಒಂದು ಕಕ್ಕಸಿನ ಡಬ್ಬಿ ಸುರಿಯುವ ಗುಂಡಿ. ಬ್ರಿಟನ್ನಿನಲ್ಲಿ ಅದನ್ನು ಎಲ್ಸಾನ್ ಎನ್ನುತ್ತಾರೆ, ಒಂದು ಕಂಪನಿಯ ಹೆಸರೇ ಹಾಗೆ ನಿಂತುಬಿಟ್ಟಿದೆ. ಅದರ ಪಕ್ಕ ನೆಲಮಟ್ಟದಲ್ಲಿ ಕಬ್ಬಿಣದ ಜಾಲರಿ, ಮುಸುರೆ ನೀರಿಗೆ. ನಾಲ್ಕು ಹೆಜ್ಜೆ ಆಚೆ ಗೋಡೆಗೆ ಇನ್ನೊಂದು ನಲ್ಲಿ, ಕುಡಿಯುವ ನೀರಿನದು. ನಿಮ್ಮ ಗವುಸು ಈಗ ಏನನ್ನೆಲ್ಲ ಮುಟ್ಟಿ ಬಂದಿದೆ ಎಂದು ನಿಮಗೆ ಗೊತ್ತು. ಮಗುವಿನ ಕೈ ತೊಳೆದ ನೀರೂ ಅದರಲ್ಲಿದೆ, ಹಸಿಮೀನು ತೊಳೆದದ್ದೂ ಇದೆ. ಆ ಗವುಸಿನಲ್ಲಿ ಕುಡಿಯುವ ನಲ್ಲಿಯ ಕಿವಿ ಹಿಡಿದರೆ ನಾಳೆ ಬೆಳಿಗ್ಗೆ ಬಾಟಲಿ ತುಂಬಿಸಲು ಬರುವ ಅಪರಿಚಿತ ಮಗುವೊಂದಕ್ಕೆ ನೀವು ವಾಂತಿಭೇದಿ ಕೊಟ್ಟ ಹಾಗೆ. ಆ ಕಡೆ ಹೋಗಬೇಡಿ. ಡಬ್ಬಿ ತೊಳೆಯಲು ಗುಂಡಿಯ ಪಕ್ಕದಲ್ಲೇ ಬೇರೆ ಹೋಸ್ ಇದೆ. "ಕುಡಿಯುವ ನೀರಲ್ಲ" ಎಂದು ಕೆಂಪಕ್ಷರದಲ್ಲಿ ಬರೆದಿದೆ.

ಡಬ್ಬಿಯನ್ನು ವಾಲಿಸುತ್ತೀರಿ. ನಿಧಾನವಾಗಿ, ಇಲ್ಲದಿದ್ದರೆ ಕಾಲ ಮೇಲೆ ಸಿಡಿಯುತ್ತದೆ. ಬೂದುನೀರು ಜಾಲರಿಯಲ್ಲಿ ಸುಳಿದು ಇಳಿಯುತ್ತದೆ. ಬಿಳಿಯ ಎಣ್ಣೆಗಡ್ಡೆ, ಎಲೆ, ಅಗುಳು ಮೇಲೆ ಉಳಿಯುತ್ತವೆ. ಅವನ್ನು ಕಾಲಿನಿಂದ ಒಳಕ್ಕೆ ತಳ್ಳುವ ಆಸೆಯಾಗುತ್ತದೆ. ನಿಮ್ಮ ಕೊಳವೆ ಕಟ್ಟಿದ ಹಾಗೆಯೇ ಇವರದೂ ಕಟ್ಟುತ್ತದೆ, ಅದನ್ನು ಬಿಡಿಸಲು ಇಲ್ಲಿ ಅಮ್ಮನ ರಬ್ಬರ್ ಚೀಲ ಸಾಲದು. ಬಗ್ಗಿ ಬಾಚಿ ಕಸದ ಬುಟ್ಟಿಗೆ ಹಾಕುತ್ತೀರಿ. ಜಾಲರಿಗೆ ನೀರು ಹೊಡೆಯುತ್ತೀರಿ.

ಮತ್ತೆ ಗಾಡಿಯಡಿಗೆ. ಎರಡನೆಯ ಸಲಕ್ಕೆ ಮೈ ಕೆಲಸ ಕಲಿತಿರುತ್ತದೆ: ಹೋಸ್ ಮೊದಲೇ ಬಿಗಿ, ಸನ್ನೆ ಕಾಲುಭಾಗ ಮಾತ್ರ, ಕಿವಿ ಡಬ್ಬಿಯ ಕಡೆಗೆ. ಮೂರನೆಯ ಸಲ ಬರುವಾಗ ಕಡಲ ಕಡೆಯಿಂದ ಗಾಳಿ ಮತ್ತೆ ಎದ್ದಿದೆ, ಮಿಜ್‌ಗಳು ಬಂದಷ್ಟೇ ಬೇಗ ಮಾಯ. ನಾಲ್ಕನೆಯದು ಪೂರ್ತಿ ತುಂಬುವುದಿಲ್ಲ. ಗಾಡಿಯ ಮೂತಿ ದಿಮ್ಮಿಯ ಮೇಲೆ ಎತ್ತರದಲ್ಲಿ ಇರುವುದರಿಂದ ನೀರು ಹಿಂದಿನ ನಲ್ಲಿಗೆ ತಾನೇ ಇಳಿದು ಬಂತು. ಇಳಿಜಾರು ಮೂತಿಯ ಕಡೆಗಿದ್ದಿದ್ದರೆ ಕೊನೆಯ ಹತ್ತು ಲೀಟರ್ ಒಳಗೇ ಉಳಿದು ನಾಳೆ ಮತ್ತೆ ನಾರುತ್ತಿತ್ತು. ಗಾಡಿ ನಿಲ್ಲಿಸುವಾಗಲೇ ಇದನ್ನು ನೋಡಿಕೊಳ್ಳಬೇಕು. ಬಾಡಿಗೆಗೆ ಕೊಡುವವರು ಹೇಳುವುದಿಲ್ಲ.

ಗವುಸು ಕಳಚಿ, ಸಾಬೂನು ಹಚ್ಚಿ ಮೊಣಕೈ ತನಕ ಉಜ್ಜಿ ತೊಳೆದು ಒಳಗೆ ಬಂದರೆ, ಶವರಿನ ತಟ್ಟೆ ಒಣಗಿದೆ. ಕರಿಬೇವಿನ ಎಲೆ ಒಂದು ಮೂಲೆಯಲ್ಲಿ ಅಂಟಿ ಕುಳಿತಿದೆ. ಅಮ್ಮ ಬಾಣಲೆಯ ಜಿಡ್ಡನ್ನು ಹಳೆಯ ಪತ್ರಿಕೆಯಿಂದ ಒರೆಸಿ ಒರೆಸಿ ಕಸದ ಚೀಲಕ್ಕೆ ಹಾಕುತ್ತಿದ್ದಾರೆ. ನೀವು ಹೇಳಿರಲಿಲ್ಲ. ಮಗಳು ಬಾಯ್ಲರಿನ ಬಿಸಿನೀರನ್ನು ಎರಡು ಪಾತ್ರೆಯಲ್ಲಿ ಹಿಡಿದು ಸಿಂಕಿನ ಎದುರು ನಿಂತಿದ್ದಾಳೆ. ಅದಕ್ಕೆ ಪಾತ್ರೆ ತೊಳೆಯುವ ದ್ರವ ಬೆರೆಸಿ ಸುರಿದುಬಿಟ್ಟರೆ, ನಾಳೆ ಗಾಡಿ ಓಡುವಾಗ ಅದು ಟ್ಯಾಂಕಿನೊಳಗೆ ಕುಲುಕಾಡಿ ಉಳಿದ ಜಿಡ್ಡನ್ನೂ ಕಡ್ಡಿಗೆ ಮೆತ್ತಿದ್ದನ್ನೂ ಸಡಿಲಿಸುತ್ತದೆ. ಸುರಿದ ಮೇಲೆ ತೂತುಗಳಿಗೆಲ್ಲ ಬಿರಡೆ ಹಾಕಿದರೆ ರಾತ್ರಿಯ ನಿದ್ದೆಗೆ ವಾಸನೆಯಿಲ್ಲ.

ಆದರೆ ಸುರಿಯುವ ಮೊದಲು ಇನ್ನೊಮ್ಮೆ ಹೊರಗಿಳಿದು, ಬಗ್ಗಿ, ಆ ಸನ್ನೆಯನ್ನು ಕೈಯಿಂದ ಮುಟ್ಟಿ ನೋಡಿ ಬನ್ನಿ. ಮುಚ್ಚಿದೆ ಎಂಬ ನಂಬಿಕೆ ಸಾಲದು.